ಗುಡುಗಿಗೆ ಕಿತ್ತ ಪ್ಲಗ್ಗು

"ಅದಕ್ಕೆ ಕೈ ಹಾಕಬೇಡ ಮಾರಾಯ. ಒಳಗೆ ಹುಳ ಇದ್ರೆ ಕಚ್ಚುತ್ತೆ," ಎಂದರು ಪ್ರೇಮಕ್ಕ.

ಈಶಾನ ಕೈ ಹಿಂದಕ್ಕೆ ತೆಗೆದುಕೊಂಡ. ಜಗಲಿಯ ಗೋಡೆಗೆ ಬಡಿದ ವೈಫೈ ಡಬ್ಬಿಯಿಂದ ವೈರು ಇಳಿಬಿದ್ದಿತ್ತು. ಅದರ ತುದಿಯ ಪ್ಲಗ್ಗು ಗಾಳಿಯಲ್ಲಿ ತೂಗುತ್ತಿತ್ತು. ಪ್ಲಗ್ಗು ಸೇರಬೇಕಾದ ತೂತುಗಳ ಮೇಲೆ ಕುಂಬಾರ ಹುಳು ಕೆಮ್ಮಣ್ಣು ಮೆತ್ತಿ ಗೂಡು ಕಟ್ಟಿ ಮುಗಿಸಿತ್ತು. ಮಣ್ಣು ಒಣಗಿ ಬಿಳಿಚಿಕೊಂಡಿತ್ತು.

ಶೆಟ್ಟಿಕೊಪ್ಪದ ಈ ಮನೆಯ ದೇವಪ್ಪ ಕಳೆದ ವಾರ ಕಾಳುಮೆಣಸು ಒಣಗಿಸುವ ಡ್ರೈಯರ್ ಕೋಣೆಯಲ್ಲಿ ವಿಷಗಾಳಿಗೆ ಸತ್ತಿದ್ದ. ವಿಷ ಏರಿದಾಗ ಬಡಿದುಕೊಳ್ಳಬೇಕಾದ ಗಂಟೆ ಬಡಿದುಕೊಂಡಿರಲಿಲ್ಲ. ಅದಕ್ಕೆ ಗಂಟೆ ಕೂರಿಸಿದ ಕಂಪನಿಯ ಸಬೀಹಾ ಎಂಬ ಹುಡುಗಿ ಬರೆದ ಒಂದು ಕಂಪ್ಯೂಟರ್ ಫೈಲೇ ಕಾರಣವೆಂದು, ಇವತ್ತು ಸಂಜೆ ಕೊಪ್ಪದಲ್ಲಿ ಅವಳನ್ನು ಬಂಧಿಸುವುದೆಂದು ಪೊಲೀಸರು ತೀರ್ಮಾನಿಸಿದ್ದರು.

ಈಶಾನ ಪೊಲೀಸನಲ್ಲ. ವಿಮಾ ಕಂಪನಿಗಳಿಗಾಗಿ ಸಾವು ಹೇಗಾಯಿತೆಂದು ತನಿಖೆ ಮಾಡಿಕೊಡುವುದು ಅವನ ಕಸುಬು. ಕಾಲೇಜಿನಲ್ಲಿದ್ದಾಗ ಪ್ರಿನ್ಸಿಪಾಲರ ದನಿಯಲ್ಲಿ ಆಫೀಸಿಗೆ ಫೋನ್ ಮಾಡಿ ಇಡೀ ಕಾಲೇಜಿಗೆ ರಜೆ ಕೊಡಿಸಿದ ಪುಣ್ಯಾತ್ಮ. ಅಂದಿನಿಂದ ಕೇಳಿದವರ ದನಿಯೆಲ್ಲ ಅವನ ಗಂಟಲಿಗೆ ಅಂಟಿಕೊಳ್ಳುತ್ತದೆ. ಕಂಡವರ ವಿಷಯದಲ್ಲಿ ಮೂಗು ತೂರಿಸುವ ಚಾಳಿಗೆ ಈಗ ಸಂಬಳವೂ ಬರುತ್ತದೆ.

"ಇದನ್ನ ಯಾವಾಗ ಕಿತ್ತಿದ್ದು ಪ್ರೇಮಕ್ಕ?"

ಪ್ರೇಮಕ್ಕ ದೇವಪ್ಪನ ಅಕ್ಕ. ಗಂಡ ತೀರಿಕೊಂಡ ಮೇಲೆ ತಮ್ಮನ ಮನೆಗೆ ಬಂದವರು. ಸೂತಕದ ಮನೆಯಲ್ಲಿ ಮಾಡಲು ಕೆಲಸವಿಲ್ಲದೆ, ಸೆರಗಿನ ಅಂಚನ್ನು ಸುರುಳಿ ಸುತ್ತುತ್ತ, ಬಿಚ್ಚುತ್ತ ಕೂತಿದ್ದರು.

"ಅವತ್ತೇ. ಮಧ್ಯಾಹ್ನ ಅವನಿಗೆ ಊಟಕ್ಕೆ ಬಡಿಸ್ತಾ ಇದ್ದೆ. ಎನ್.ಆರ್. ಪುರದ ಕಡೆಯಿಂದ ಗುಡುಗು ಶುರುವಾಯ್ತು. ಸಟ್ಟುಗ ಅಲ್ಲೇ ಬಿಟ್ಟು ಬಂದು ಟೀವಿದು ಕಿತ್ತೆ, ಮಿಕ್ಸಿದು ಕಿತ್ತೆ, ಇದನ್ನೂ ಕಿತ್ತೆ. ಅವನಿಗೆ ನಗು. 'ನನ್ನನ್ನೂ ಕಿತ್ತು ಬದಿಗಿಡು ಅಕ್ಕಾ, ಸಿಡಿಲು ಹೊಡೆದೀತು' ಅಂದ."

ಸುರುಳಿ ಸುತ್ತುತ್ತಿದ್ದ ಬೆರಳು ನಿಂತಿತು.

"ಮತ್ತೆ ಹಾಕಲೇ ಇಲ್ವಾ?"

"ಯಾವಾಗ ಹಾಕೂದು? ರಾತ್ರಿ ಮಲಗುವ ತನಕವೂ ಗುಡುಗು ಬಿಡಲಿಲ್ಲ. ಬೆಳಿಗ್ಗೆ ನೋಡಿದ್ರೆ, 'ನೆಟ್ ಇಲ್ಲ ಅಕ್ಕಾ, ಪ್ಲಗ್ಗು ಹಾಕು' ಅಂತ ಕೂಗುವವನೇ ಇಲ್ಲ."

ಈಶಾನ ಮೊಬೈಲಿನಲ್ಲಿ ಆ ಮಣ್ಣಿನ ಗೂಡಿನ ಫೋಟೋ ತೆಗೆದುಕೊಂಡ. ಎದುರಿನಿಂದ ಒಂದು, ಪಕ್ಕದಿಂದ ಒಂದು.

"ಹೊಗೆಪೈಪಿನ ಮೇಲಿನ ಟೊಪ್ಪಿ ಹೊಸದಾ?"

"ಹೌದು. ಮಳೆನೀರು ಒಳಗೆ ಇಳಿಯಲ್ಲ ಅಂತ ಕಂಪನಿಯವರೇ ಕೊಟ್ಟಿದ್ದು. ದೇವಪ್ಪ ತಾನೇ ಏಣಿ ಹತ್ತಿ ಕೂರಿಸಿದ. ಅದು ಗಾಳಿಗೆ ಕುಸಿದು ಪೈಪು ಮುಚ್ಚಿತು ಅಂತ ಪೊಲೀಸ್ರು ಬರ್ಕೊಂಡು ಹೋದ್ರು." ಸೆರಗಿನ ಸುರುಳಿಯನ್ನು ಬಿಗಿಯಾಗಿ ಸುತ್ತಿ ಹೇಳಿದರು: "ಏಣಿ ಹಿಡ್ಕೊಂಡವಳು ನಾನೇ."

ಎಷ್ಟೋ ಜನರ ದನಿ ಗೊತ್ತಿದ್ದರೂ ಇಂಥ ಹೊತ್ತಿಗೆ ಒದಗುವ ದನಿ ಈಶಾನನಲ್ಲಿರಲಿಲ್ಲ.

ಡ್ರೈಯರ್ ಕೋಣೆ ಮನೆಯ ಹಿಂದೆ ಕಣದಾಚೆಗಿತ್ತು. ಒಳಗೆ ಒಲೆ, ಒಲೆಗೆ ಎದುರಾಗಿ ದೇವಪ್ಪ ಮಲಗುತ್ತಿದ್ದ ಮಂಚ. ಒಲೆಯಲ್ಲಿ ಕರಟ ಉರಿದ ಬೂದಿ. ಕರಟದ ಕೆಂಡಕ್ಕೆ ಹೊಗೆ ಕಡಿಮೆ. ಅದರ ವಿಷಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮನುಷ್ಯನ ಮೂಗಿಗೆ ತಿಳಿಯದು. ಅದಕ್ಕೆಂದೇ ಜಂತಿಯಿಂದ ಒಂದು ಯಂತ್ರದ ಮೂಗನ್ನು ಇಳಿಬಿಟ್ಟಿದ್ದರು. ಹೆಬ್ಬೆರಳಿನ ಗಾತ್ರದ ಲೋಹದ ಕುಪ್ಪಿ, ತುದಿಗೆ ಜರಡಿ. ಕಂಪನಿಯಲ್ಲೂ ಅದನ್ನು ಮೂಗು ಎಂದೇ ಕರೆಯುತ್ತಾರೆ.

ಮೂಗಿನ ತಂತಿ ಸೇರುತ್ತಿದ್ದ ಪೆಟ್ಟಿಗೆಯನ್ನು ಪೊಲೀಸರು ಒಯ್ದಿದ್ದರು. ಮೂಗನ್ನು ಯಾರೂ ಮೂಸಿ ನೋಡಿರಲಿಲ್ಲ.

ಆ ಪೆಟ್ಟಿಗೆಯ ಕಥೆಯನ್ನು ಸಬೀಹಾ ಅವನಿಗೆ ಹಿಂದಿನ ದಿನ ಬಿಡಿಸಿ ಹೇಳಿದ್ದಳು. ಒಳಗಿರುವುದು ಒಂದು ಪುಟ್ಟ ಮಿದುಳು. ಹೇಳಿದ ಕೆಲಸವನ್ನು ಹೇಳಿದ ಕ್ಷಣಕ್ಕೇ ಮಾಡಿ ಮುಗಿಸುವ ರಿಯಲ್ ಟೈಮ್ ಆಪರೇಟಿಂಗ್ ಸಿಸ್ಟಮ್ ಅದರಲ್ಲಿದೆ. ಆದರೆ ಎಚ್ಚರವಾಗುವಾಗ ಅದಕ್ಕೆ ತನ್ನ ಮೈಯ ಗುರುತೇ ಇರುವುದಿಲ್ಲ. ನಿನ್ನ ಮೂಗು ಇಂಥ ಪಿನ್ನಿನಲ್ಲಿದೆ, ಕೂಗುವ ಗಂಟೆ ಇಂಥ ಪಿನ್ನಿನಲ್ಲಿ, ಒಲೆಗೆ ಗಾಳಿ ಹೊಡೆಯುವ ಫ್ಯಾನು ಇಂಥಲ್ಲಿ ಎಂದು ಒಂದು ಫೈಲು ಅದಕ್ಕೆ ಹೇಳಿಕೊಡಬೇಕು. ಅದರ ಹೆಸರು ಡಿವೈಸ್ ಟ್ರೀ. ಹೆಸರಿಗೆ ಮರ. ಇದರ ಕೊಂಬೆ ಮುರಿದರೆ ಬೀಳುವವರು ಮರ ಹತ್ತಿದವರಲ್ಲ, ಎಲ್ಲೋ ದೂರದಲ್ಲಿ ಮಲಗಿದವರು.

ಬೋರ್ಡು ಬದಲಾದಾಗಲೆಲ್ಲ ಆ ಫೈಲೂ ಬದಲಾಗಬೇಕು. ಅದನ್ನು ಸರಿಯಾಗಿಟ್ಟುಕೊಳ್ಳುವುದೇ ಸಬೀಹಾಳ ಕೆಲಸ. ದೇವಪ್ಪನ ಪೆಟ್ಟಿಗೆಯಲ್ಲಿ ಸಿಕ್ಕ ಫೈಲಿನಲ್ಲಿ ಮೂಗಿನ ಮುಂದೆ 'ಓಕೆ' ಎಂದು ಇರಬೇಕಾದಲ್ಲಿ 'ಡಿಸೇಬಲ್ಡ್', ಅಂದರೆ ಕೆಲಸಕ್ಕಿಲ್ಲ, ಎಂದಿತ್ತು. ಆ ಬದಲಾವಣೆಯ ಜೊತೆಗೆ ಅವಳ ಹೆಸರಿತ್ತು.

ಈಶಾನ ಅವಳಿಗೆ ಫೋನ್ ಮಾಡಿದ. ಬಸ್ಸಿನ ಗಡಗಡ ಕೇಳಿಸಿತು.

"ಎಲ್ಲಿದ್ದೀಯಾ ಸಬೀಹಾ?"

"ಹರಿಹರಪುರ ದಾಟಿತು ಅಣ್ಣ. ಶೃಂಗೇರಿಗೆ. ಅಲ್ಲೊಬ್ಬ ಮೆಣಸು ವ್ಯಾಪಾರಿದು ಡ್ರೈಯರ್ ಇದೆ. ಅದಕ್ಕೂ ಅದೇ ಫೈಲ್ ಹೋಗಿದೆಯಂತೆ. 'ನಿನ್ನ ತಪ್ಪು ನಿನ್ನ ಕೈಯಾರೆ ಸರಿ ಮಾಡು, ಸ್ಟೇಷನ್ನಿನಲ್ಲಿ ಹೇಳೋಕೆ ಒಂದು ಮಾತಾಗುತ್ತೆ' ಅಂದ್ರು ಕಾರ್ತಿಕ ಸರ್."

"ತಪ್ಪು ನಿಂದೇನಾ?"



"ಗೊತ್ತಿಲ್ಲ ಅಣ್ಣ. ಅವತ್ತು ಉಪವಾಸ ಇದ್ದೆ. ಸಂಜೆ ಹೊತ್ತಿಗೆ ತಲೆ ಸುತ್ತುತಾ ಇತ್ತು. ನಾನು ಮಾಡಿದ ನೆನಪಿಲ್ಲ. ಮಾಡಿಲ್ಲ ಅಂತ ಆಣೆ ಇಡೋಕೂ ಧೈರ್ಯ ಇಲ್ಲ. ಅಮ್ಮಿ ನನ್ನ ಮುಖ ನೋಡ್ತಾ ಇಲ್ಲ, ನಾನು ಅವರ ಮುಖ ನೋಡ್ತಾ ಇಲ್ಲ."

ಅಮ್ಮಿ ಎಂದರೆ ಅವಳ ತಾಯಿ, ಕೊಪ್ಪದ ಪೇಟೆಯಲ್ಲಿ ಬಳೆ ಅಂಗಡಿ ಇಟ್ಟ ಅಮೀರ್ ಬೀ. ಊರ ಮದುಮಗಳ ಕೈಯ ಅಳತೆಯನ್ನೆಲ್ಲ ಕಣ್ಣಲ್ಲೇ ಹೇಳುವವರು.

"ದೇವಪ್ಪ ನಿನಗೆ ಪರಿಚಯ ಇದ್ರಾ?"

"ತೀರಿಕೊಳ್ಳೋ ಹಿಂದಿನ ವಾರ ಫೋನ್ ಮಾಡಿದ್ರು. ಹೊಸ ಮೂಗು ಹಾಕಿದ ಮೇಲೆ ಎಷ್ಟು ಕೆಂಡ ತುಂಬಿದ್ರೂ ಗಂಟೆ ಹೊಡೆಯಲ್ಲ, ಬೆಳೆಗಾರರ ಸಭೆಯಲ್ಲಿ ಎಲ್ಲರ ಮುಂದೆ ಕೇಳ್ತೀನಿ ಅಂದ್ರು. ನಾನು ಕಾರ್ತಿಕ ಸರ್‌ಗೆ ಹೇಳ್ದೆ. ಮೂಗು ಬೇರೆ ಕಡೆಯಿಂದ ತರಿಸ್ತಾ ಇದ್ದೀವಿ, ಫೈಲಲ್ಲಿ ಹಳೇ ಹೆಸರೇ ಇರ್ಲಿ ಅಂದ್ರು. ಆಗಲ್ಲ ಅಂದೆ. ಇರೋದು ಇದ್ದ ಹಾಗೇ ಬರೆದ್ರೆ ಮಾತ್ರ ಅದು ಡಿವೈಸ್ ಟ್ರೀ ಅಣ್ಣ. ಇಲ್ಲಾಂದ್ರೆ ಕಥೆ."

"ಶೃಂಗೇರಿಯಲ್ಲಿ ಎಷ್ಟು ಹೊತ್ತಾಗುತ್ತೆ?"

"ಫೈಲ್ ಹಾಕಿ, ಒಳಗೆ ಬಾಗ್ಲು ಹಾಕ್ಕೊಂಡು ಕೂತು, ಒಂದೊಂದೇ ಸಾಲು ಗಟ್ಟಿಯಾಗಿ ಓದ್ತೀನಿ. ಓದಿದ ತಂತಿನ ಮುಟ್ಟಿ ನೋಡ್ತೀನಿ. ಕೆಂಡ ಏರಿ ಗಂಟೆ ಹೊಡೆದ ಮೇಲೇ ಏಳೋದು. ಆಫೀಸಲ್ಲಿ ನಗ್ತಾರೆ, ಸಬೀಹಾ ಮಂತ್ರ ಹೇಳ್ತಾಳೆ ಅಂತ. ಫೋನ್ ಹೊರಗೆ ಬ್ಯಾಗಲ್ಲೇ ಇರುತ್ತೆ. ನೀವು ಮಾಡಿದ್ರೂ ತೆಗೆಯಲ್ಲ, ಬೇಜಾರಾಗ್ಬೇಡಿ." ಒಂದು ತಿರುವಿನಲ್ಲಿ ಬಸ್ಸೂ ಮಾತೂ ಒಟ್ಟಿಗೆ ಮಾಯವಾದವು.

ಈಶಾನ ಮಂಚದ ಮೇಲೆ ಹತ್ತಿ ನಿಂತು ಜಂತಿಯ ಮೂಗನ್ನು ಕೆಳಗಿಳಿಸಿದ. ಜರಡಿಯ ಅಂಚಿಗೆ ಚಾಕುವಿನ ತುದಿ ಕೊಟ್ಟು ಮೀಟಿದ. ಒಳಗೆ ಸಾಸಿವೆ ಕಾಳಿನಷ್ಟು ಒಂದು ಬಿಳಿ ಮಣಿ ಇರುತ್ತದೆ, ವಿಷದ ವಾಸನೆ ಹಿಡಿಯುವುದು ಅದೇ ಎಂದು ಸಬೀಹಾ ಹಿಂದಿನ ದಿನ ಚಿತ್ರ ಬರೆದು ತೋರಿಸಿದ್ದಳು.

ಮಣಿ ಇರಲಿಲ್ಲ. ಎರಡು ತಂತಿಗಳನ್ನು ಒಂದು ಪುಡಿ ರೆಸಿಸ್ಟರಿನ ಕಾಲುಗಳಿಗೆ ಬೆಸೆದಿದ್ದರು. ಗಾಳಿ ಹೇಗೇ ಇರಲಿ, 'ಎಲ್ಲಾ ಚೆನ್ನಾಗಿದೆ' ಎಂದು ಒಂದೇ ಉತ್ತರ ಹೇಳುವ ಮೂಗು. ಬೆಳೆಗಾರರ ಮೂಗಿಗೆ ಯಾರೋ ಜರಡಿಯಲ್ಲೇ ತುಪ್ಪ ಸವರಿದ್ದರು.

ಸಬೀಹಾಳಿಗೆ ಮತ್ತೆ ಫೋನ್ ಮಾಡಿದ. ತಾಗಲಿಲ್ಲ. 'ಮೂಗು ಬಿಚ್ಚಿ ನೋಡು' ಎಂದು ಮೆಸೇಜು ಹಾಕಿದ. ಒಂದೇ ಟಿಕ್ಕು ಬಿತ್ತು, ಅವಳಿಗೆ ತಲುಪಿರಲಿಲ್ಲ.

ಮೂಗನ್ನು ಕರವಸ್ತ್ರದಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡು ಬೈಕನ್ನು ಕೊಪ್ಪದ ಕಡೆಗೆ ತಿರುಗಿಸಿದ. ಸಂಜೆಯೊಳಗೆ ಒಬ್ಬನನ್ನು ಮಾತಾಡಿಸಬೇಕಿತ್ತು.

ಕಾರ್ತಿಕನ ಕಂಪನಿ ಕೊಪ್ಪದಲ್ಲಿ ಗೊಬ್ಬರದ ಅಂಗಡಿಯೊಂದರ ಮಹಡಿಯ ಮೇಲಿತ್ತು. ಬಯಲುಸೀಮೆಯಿಂದ ಬಂದು ಮೂರು ತಾಲೂಕಿಗೂ ಪೆಟ್ಟಿಗೆ ಮಾರಿದ ಜಾಣ. ಮಾತು ಶುರುವಾಗುವ ಮೊದಲು ಗಂಟಲು ಒಮ್ಮೆ 'ಖ್ಹೂಂ' ಎನ್ನುತ್ತದೆ. ಮುಗಿಯುವಾಗ 'ಅಷ್ಟೇ ವಿಷ್ಯ' ಎಂದು ಬೀಗ ಬೀಳುತ್ತದೆ.

"ಖ್ಹೂಂ. ನೋಡಿ ಇವ್ರೇ, ನಂಗೂ ಬೇಜಾರಿದೆ. ಒಳ್ಳೆ ಹುಡುಗಿ. ಆದ್ರೆ ಉಪವಾಸ, ಸುಸ್ತು, ಮನೆಗೆ ಹೋಗೋ ಅವಸರ. ಮೂಗು ಆಫ್ ಮಾಡಿ ಟೆಸ್ಟ್ ಮಾಡಿರ್ತಾಳೆ, ಆನ್ ಮಾಡೋಕೆ ಮರೆತಿರ್ತಾಳೆ. ಹಾಗೇ ಕಳಿಸಿದ್ದಾಳೆ. ಅಷ್ಟೇ ವಿಷ್ಯ."

"ಕಳಿಸಿದ್ದು ಅಂದ್ರೆ, ನೆಟ್ ಮೇಲೆ?"

"ಮತ್ತೆ? ಪ್ರತಿ ಪೆಟ್ಟಿಗೇನೂ ಅವರವರ ಮನೆ ವೈಫೈಗೆ ಸೇರಿದೆ. ಅವತ್ತು ಸಂಜೆ ಕಳಿಸಿದ್ದು, ಆಗಲೇ ಎಲ್ಲಾ ಕಡೆ ಕೂತಾಯ್ತು."

"ಶೆಟ್ಟಿಕೊಪ್ಪದಲ್ಲೂ?"

"ಅಲ್ಲಿ ಕೂತಿದ್ದಕ್ಕೇ ಅಲ್ವಾ ಪಾಪ, ಅವ್ರು ಹೋಗಿದ್ದು."

ಈಶಾನ ಮೊಬೈಲು ತೆಗೆದು ಕುಂಬಾರ ಹುಳುವಿನ ಗೂಡನ್ನು ತೋರಿಸಿದ. ಬೆನ್ನು ಸ್ವಲ್ಪ ಬಾಗಿಸಿ, ಪ್ರೇಮಕ್ಕನ ದಣಿದ ದನಿಯಲ್ಲಿ ನಿಧಾನವಾಗಿ ಹೇಳಿದ: "ಟೀವಿದು ಕಿತ್ತೆ, ಮಿಕ್ಸಿದು ಕಿತ್ತೆ, ಇದನ್ನೂ ಕಿತ್ತೆ."

ಕಾರ್ತಿಕ ನಗಲು ನೋಡಿದ. "ಏನಿದು?"

"ದೇವಪ್ಪನವರ ಮನೆ ವೈಫೈ. ಮಧ್ಯಾಹ್ನ ಊಟದ ಹೊತ್ತಿಗೆ ಗುಡುಗಿತು. ಅವರಕ್ಕ ಪ್ಲಗ್ಗು ಕಿತ್ತರು. ಇವತ್ತಿಗೂ ವಾಪಸ್ ಹಾಕಿಲ್ಲ. ನಿಮ್ಮ ಫೈಲು ಆ ಮನೆ ಹೊಸಿಲು ದಾಟಲಿಕ್ಕೆ ದಾರಿ ಇರಲಿಲ್ಲ."

"ಗುಡುಗಿದ್ರೆ ವೈಫೈ ಕೀಳ್ತಾರಾ ಯಾರಾದ್ರೂ? ಸಿಡಿಲಿಗೆ ಅಂತಲೇ ಪ್ರೊಟೆಕ್ಟರ್ ಕೊಟ್ಟಿದ್ದೀವಲ್ಲ ನಾವು."

"ನೀವು ಇಲ್ಲಿಗೆ ಬಂದು ನಾಲ್ಕು ಮಳೆಗಾಲ ಆಯ್ತು ಕಾರ್ತಿಕ ಅವರೇ. ಗುಡುಗು ಕೇಳಿದ ಮೇಲೂ ಪ್ಲಗ್ಗು ಇದ್ದಲ್ಲೇ ಇರೋ ಮನೆ, ಹಿರೇಕೊಡಿಗೆಯಿಂದ ಕಡಹಿನಬೈಲಿನ ತನಕ ಒಂದಾದ್ರೂ ತೋರಿಸಿ. ನೀವು ಡ್ರೈಯರ್ ಕೋಣೆ ಒಳಗೆ ಮಾತ್ರ ಹೋಗಿದ್ದೀರಿ. ಜಗಲಿಗೆ ಹೋಗಿಲ್ಲ."

"ನಾನು ಹೋಗಿದ್ದೆ ಅಂತ ಯಾರಂದ್ರು?" ಈ ಸಲ ಮಾತಿಗೆ ಮುಂಚೆ 'ಖ್ಹೂಂ' ಬರಲಿಲ್ಲ.

"ನೆಟ್ ಇಲ್ಲದ ಪೆಟ್ಟಿಗೆಯಲ್ಲಿ ಹೊಸ ಫೈಲು ಇದೆ. ಯಾರೋ ಕೈಯಾರೆ ಹಾಕಿದ್ದಾರೆ. ಸಬೀಹಾ ಅಲ್ಲ. ಅವತ್ತು ಇಫ್ತಾರ್ ಹೊತ್ತಿಗೆ ಬಳೆ ಅಂಗಡಿ ಮುಂದೆ ಖರ್ಜೂರ ಹಂಚ್ತಾ ಇದ್ದಳು. ಇಡೀ ಪೇಟೆ ಇಸ್ಕೊಂಡು ತಿಂದಿದೆ. ನಾನೂ ತಿಂದಿದ್ದೇನೆ."

ಕರವಸ್ತ್ರ ಬಿಚ್ಚಿ ಲೋಹದ ಕುಪ್ಪಿಯನ್ನು ಮೇಜಿನ ಮೇಲಿಟ್ಟ. ಅದು ಉರುಳಿ ಕಾರ್ತಿಕನ ಫೋನಿಗೆ ತಾಗಿ ನಿಂತಿತು.

"ನಂಗೆ ತಲೆ ಕೆಟ್ಟಿದ್ದು ಇದಕ್ಕೆ. ದೇವಪ್ಪನವರ ಮೂಗು ಮೊದಲೇ ಖಾಲಿ. ಅದು ಯಾವತ್ತೂ ಗಂಟೆ ಹೊಡೆಸ್ತಾ ಇರಲಿಲ್ಲ. ಮೂಗೇ ಇಲ್ಲದ ಮುಖಕ್ಕೆ ಮೂಗು ಮುಚ್ಕೋ ಅಂತ ಫೈಲಲ್ಲಿ ಯಾಕೆ ಬರೀಬೇಕು? ಕೊಲ್ಲೋಕೆ ಅದು ಬೇಕಾಗಿಯೇ ಇರಲಿಲ್ಲ. ಹೆಸರು ಹಾಕೋಕೆ ಬೇಕಿತ್ತು. ಸುಳ್ಳು ಬರೆಯಲ್ಲ ಅಂದವಳ ಹೆಸರು."

ಕೆಳಗೆ ಗೊಬ್ಬರದ ಅಂಗಡಿಯಲ್ಲಿ ಯಾರೋ ಚೀಲ ಎತ್ತಿ ಹಾಕಿದರು. ಮಹಡಿಯ ಹಲಗೆ ಅದುರಿತು.

"ಕೈಯಿಂದ ಹಾಕೋಕೆ ಒಂದು ವಿಶೇಷ ಕ್ಲಿಪ್ಪು ಬೇಕು ಇವ್ರೇ," ಎಂದ ಕಾರ್ತಿಕ ಮೆತ್ತಗೆ. "ಎರಡೇ ಇರೋದು. ಒಂದು ಇವತ್ತು ಸಬೀಹಾ ತಗೊಂಡು ಹೋಗಿದ್ದಾಳೆ. ಇನ್ನೊಂದು ಒಳಗೆ ಕಪಾಟಲ್ಲಿದೆ. ಸೀಲು ಕೂಡ ಒಡೆದಿಲ್ಲ. ತಂದು ತೋರಿಸ್ತೀನಿ, ಆಮೇಲೆ ಮಾತಾಡಿ. ಅಷ್ಟೇ ವಿಷ್ಯ."

ಅವನು ಒಳಕೋಣೆಗೆ ಹೋದ. ಕಪಾಟಿನ ಬಾಗಿಲು ಕಿರುಗುಟ್ಟಿತು.

ಮೇಜಿನ ಮೇಲೆ ಕಾರ್ತಿಕನ ಫೋನು ಮಿಣುಕಿತು. 'ಇಸ್ರಾರ್'. ಡ್ರೈಯರುಗಳಿಗೆ ಪೆಟ್ಟಿಗೆ ಕೂರಿಸುವ ಕೆಲಸದವರು. ಸಬೀಹಾ ಇಸ್ರಾರ್ ಚಾಚಾ ಎಂದು ಕರೆಯುವ, ನರೆತ ಗಡ್ಡದ, ಹೇಳಿದ್ದನ್ನು ಹೇಳಿದಂತೆ ಮಾಡುವ ಸಾಧು ಮನುಷ್ಯ.

ಈಶಾನ ಒಳಕೋಣೆಯ ಕಡೆ ನೋಡಿದ. ಫೋನೆತ್ತಿದ. ಕಾಲೇಜಿಗೆ ರಜೆ ಕೊಡಿಸಿದ ಗಂಟಲು ತಾನಾಗಿ ತಯಾರಾಯಿತು.

"ಖ್ಹೂಂ. ಹೇಳಪ್ಪ ಇಸ್ರಾರ್."

"ಸರ್, ಶೃಂಗೇರಿದು ನೀವು ಹೇಳಿದ ಹಾಗೇ ಆಯ್ತು. ಬೆಳಿಗ್ಗೆನೇ ಬಂದು ಮೂಗು ಬದಲಾಯಿಸಿದೆ, ನೀವು ಕಟ್ಟಿ ಕೊಟ್ಟಿದ್ದೇ ಹಾಕಿದ್ದೀನಿ. ಹೊಗೆಪೈಪಿಗೆ ಆ ಹೊಸ ಟೊಪ್ಪಿನೂ ಕೂರಿಸಿದೆ. ಸ್ವಲ್ಪ ಬಿಗಿ ಇದೆ ಸರ್, ಪೂರಾ ಕೆಳಗೆ ಕೂತುಬಿಡ್ತು."

ಮೇಜಿನ ಮೇಲೆ ಖಾಲಿ ಮೂಗು ಈಶಾನನನ್ನೇ ನೋಡುತ್ತಿತ್ತು.

"ಸಬೀಹಾ?"

"ಬಂದಾಯ್ತು ಸರ್. ಒಲೆಗೆ ಕರಟ ತುಂಬಿ ಕೆಂಡ ಮಾಡಿ ಕೊಟ್ಟೆ. ಒಳಗಿಂದ ಚಿಲಕ ಹಾಕ್ಕೊಂಡು ಮಂತ್ರ ಶುರು ಮಾಡಿದ್ಲು." ಇಸ್ರಾರ್ ಸಣ್ಣಗೆ ನಕ್ಕರು. "ಸಾಹುಕಾರರು ಮದುವೆಗೆ ಹೋಗಿದ್ದಾರೆ, ಅಲ್ಲಿ ಯಾರೂ ಇಲ್ಲ. ನಾನೂ ಜೊತೆಗೆ ಕೂರ್ಲಾ ಅಂದ್ರೆ ನೀವು ಬೇಡ ಅಂದಿದ್ರಲ್ಲ, ಅದಕ್ಕೇ ಬಸ್ ಹತ್ತಿಬಿಟ್ಟೆ. ಈಗ ಹೊರಡ್ತಾ ಇದೆ."

ಬೆಳಿಗ್ಗೆಯಿಂದ ತನ್ನ ಕೈಯಲ್ಲಿದ್ದದ್ದು ಹಳೆಯ ಸಾವಿನ ಎಳೆಯೆಂದು ಈಶಾನ ತಿಳಿದಿದ್ದ. ಅದು ಮುಂದಿನ ಸಾವಿನ ಎಳೆಯೂ ಆಗಿತ್ತು. ಸಂಜೆ ಪೊಲೀಸರಿಗೆ ಸಿಗುವುದು ತಪ್ಪಿತಸ್ಥೆಯಲ್ಲ, ತನ್ನ ತಪ್ಪನ್ನು ತಾಳಲಾರದೆ ಅದೇ ರೀತಿ ಸತ್ತ ಒಬ್ಬಳು ಹುಡುಗಿ. ಒಳಗಿನಿಂದ ಹಾಕಿದ ಚಿಲಕ. ಅವಳ ಮಂತ್ರ ಊರಿಗೆಲ್ಲ ಗೊತ್ತು. ಗಂಟೆ ಹೊಡೆಯುವ ತನಕ ಅವಳು ಏಳುವುದಿಲ್ಲ. ಗಂಟೆ ಹೊಡೆಯುವುದಿಲ್ಲ. ಕೊಪ್ಪದಿಂದ ಎಷ್ಟು ಬಿಟ್ಟು ಹೊಡೆದರೂ ಶೃಂಗೇರಿ ಮುಕ್ಕಾಲು ಗಂಟೆ ದಾರಿ.

"ನೋಡಪ್ಪ ಇಸ್ರಾರ್," ಎಂದ. ದನಿ ಕಾರ್ತಿಕನದ್ದೇ, ನಡುಕ ಮಾತ್ರ ತನ್ನದು. "ಈಗಲೇ ಇಳಿ. ಓಡಿ ಹೋಗಿ ಬಾಗಿಲು ಒಡಿ. ಅವಳನ್ನ ಹೊರಗೆ ಎಳೆದು ಹಾಕು. ಆ ಟೊಪ್ಪಿ ಪೈಪನ್ನ ಮುಚ್ಚಿಬಿಟ್ಟಿದೆ. ಅಷ್ಟೇ ವಿಷ್ಯ."

"ಬಾಗ್ಲು ಒಡೀಬೇಕಾ ಸರ್? ಸಾಹುಕಾರರು..."

"ಇಸ್ರಾರ್, ಇಳೀಬೇಡ."

ಮಾತು ಬೆನ್ನ ಹಿಂದಿನಿಂದ ಬಂತು. ಕಾರ್ತಿಕ ಬಾಗಿಲಲ್ಲಿ ನಿಂತಿದ್ದ. ಕೈಯಲ್ಲಿ ಕ್ಲಿಪ್ಪು ಇರಲಿಲ್ಲ. ಅವನು ಅವಸರವನ್ನೇನೂ ತೋರಿಸದೆ, ಫೋನಿಗೆ ಕೇಳುವಷ್ಟೇ ಗಟ್ಟಿಯಾಗಿ ಹೇಳಿದ: "ಖ್ಹೂಂ. ಕಾರ್ತಿಕ ನಾನು. ಯಾರೋ ನನ್ನ ಫೋನ್ ಎತ್ಕೊಂಡು ನನ್ನ ಹಾಗೆ ಮಾತಾಡ್ತಾ ಇದ್ದಾನೆ. ನೀನು ಸೀದಾ ಕೊಪ್ಪಕ್ಕೆ ಬಾ. ಅಷ್ಟೇ ವಿಷ್ಯ."

"ಅವನ ಮಾತು ಕೇಳ್ಬೇಡ. ನಾನು ಕಾರ್ತಿಕ. ಇಳಿ," ಎಂದ ಈಶಾನ.

ಅತ್ತ ಕಡೆ ಬಸ್ಸಿನ ಇಂಜಿನ್ನು ಗುರುಗುಟ್ಟಿತು. ಇಸ್ರಾರರ ಉಸಿರು ಕೇಳಿಸಿತು.

"ಎರಡೂ ಸರ್ ದನಿನೇ," ಎಂದರು ಇಸ್ರಾರ್. "ಯಾ ಅಲ್ಲಾ. ಅಲ್ಲಿ ಯಾರು ಸರ್ ಇರೋದು?"

ಈಶಾನ ವೇಷ ಕಳಚಿ ತನ್ನ ದನಿಗೆ ಬಂದ. "ಇಸ್ರಾರಣ್ಣ, ನಾನು ಈಶಾನ. ವಿಮೆ ಕೆಲಸದವನು. ಸಬೀಹಾ ಸಾಯ್ತಾಳೆ. ನಿಮ್ಮ ಕಾಲು ಹಿಡೀತೀನಿ, ಇಳೀರಿ." ಅವನ ಬದುಕಿನಲ್ಲಿ ಇಷ್ಟು ಸುಳ್ಳಾಗಿ ಕೇಳಿಸಿದ ದನಿ ಬೇರೊಂದಿರಲಿಲ್ಲ.

"ಈಗ ಮೂರನೇ ದನಿ ಬಂತಾ ಇಸ್ರಾರ್?" ಎಂದ ಕಾರ್ತಿಕ, ನಗುವಿನ ಅಂಚಿನಲ್ಲಿ. "ಹೇಳಿದೆನಲ್ಲ."

ಫೋನಿನೊಳಗಿಂದ ಕಂಡಕ್ಟರನ ಒಂದು ಸೀಟಿ ಕೇಳಿಸಿತು.

ಒಂದು ಸೀಟಿ ಎಂದರೆ ನಿಲ್ಲಿಸು. ಎರಡು ಎಂದರೆ ಹೊರಡು.

ಈಶಾನ ಎರಡನೆಯದು ಬರದಿರಲೆಂದು ಫೋನನ್ನು ಕಿವಿಗೆ ಒತ್ತಿಹಿಡಿದ. ಬಂತೋ ಇಲ್ಲವೋ ತಿಳಿಯುವ ಮೊದಲೇ ಲೈನು ಕಡಿಯಿತು.